ನೋಯದ ಗಂಟು

ಗುಡ್ನಾಪುರದ ಮುರಿಗೆವ್ವ ಗಂಡ ಸತ್ತ ಮೇಲೆ ಶಿರಸಿಗೆ ಬಂದು ಆಸ್ಪತ್ರೆಯಲ್ಲಿ ಆಯಾ ಆದಳು. ಹೆಂಗಸರ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಬಾಯಿ ಜೋರು, ಕೈ ಮೆದು. ಗಂಡಸು ಡಾಕ್ಟರಿಗೆ ಮೈ ತೋರಿಸಲು ಒಪ್ಪದ ಹೆಂಗಸರನ್ನು ಒಪ್ಪಿಸಬೇಕಾದರೆ ಅವಳೇ ಆಗಬೇಕಿತ್ತು. “ಡಾಕ್ಟರಂದ್ರ ಗಂಡಸಲ್ಲವ್ವಾ, ಅದೊಂದು ಜಾತೀನ ಬ್ಯಾರೆ. ಸೆರಗು ಸರಸು” ಎಂದು ಅರ್ಧ ಗದರಿಸಿ ಅರ್ಧ ನಗಿಸಿ ಕೆಲಸ ಮುಗಿಸುತ್ತಿದ್ದಳು.

ಇಂಥವಳ ಎಡ ಎದೆಯಲ್ಲಿ ಅಡಿಕೆಯಷ್ಟು ದಪ್ಪದ ಗಂಟೊಂದು ಸುಗ್ಗಿಯ ಹೊತ್ತಿಗೇ ಬಂದು ಕೂತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂದು ನಾವು ನಗಬಹುದು. ಆದರೆ ಅವಳಿಗೂ ಒಂದು ಸಮಾಧಾನವಿತ್ತು. ಗಂಟು ನೋಯುತ್ತಿರಲಿಲ್ಲ. ನೋಯದ ಮೇಲೆ ರೋಗವೆಲ್ಲಿಯದು?

೧೯೬೩ರ ಶ್ರಾವಣದಲ್ಲಿ ಹುಬ್ಬಳ್ಳಿಯಿಂದ ಡಾಕ್ಟರಿಕೆ ಕಲಿಯುವ ನಾಲ್ವರು ಹುಡುಗರು ತಿಂಗಳ ಮಟ್ಟಿಗೆ ಬಂದರು. ಅವರಿಗೆ ಪಾಠ ಹೇಳುವವರು ಆಪರೇಷನ್ ಮಾಡುವ ದೊಡ್ಡ ಡಾಕ್ಟರು. ಅದೇ ವಾರ ಕಿರವತ್ತಿಯ ದುರ್ಗಿ ವಾರ್ಡಿಗೆ ಸೇರಿದ್ದಳು. ಅವಳ ಎದೆಯ ಗಂಟು ಒಡೆದು ಹುಣ್ಣಾಗಿತ್ತು. ಡಾಕ್ಟರು ಹುಡುಗರನ್ನು ಅವಳ ಮಂಚದ ಸುತ್ತ ನಿಲ್ಲಿಸಿಕೊಂಡು ಒಂದಿಷ್ಟು ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ ಕನ್ನಡಕ್ಕೆ ಬಂದರು.

“ನಮ್ಮ ಹೆಂಗಸರು ನೋವು ಬರೋ ತನಕ ಕಾಯ್ತಾರೆ. ಈ ರೋಗ ಶುರುವಿನಲ್ಲಿ ಹೆಚ್ಚಾಗಿ ನೋಯೋದೇ ಇಲ್ಲ. ಗಂಟು ಗಟ್ಟಿ ಇದೆ, ನೋವಿಲ್ಲ ಅಂದರೆ ನೀವು ಅದಕ್ಕೇ ಹೆದರಬೇಕು.”

ಮಂಚದ ಮೇಲಿದ್ದ ದುರ್ಗಿಗೂ ಕಿವಿಯಿದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಓದಿದವರು ಹಾಗೆಯೇ. ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದ ಮುರಿಗೆವ್ವನ ಕೈಕಾಲು ಮಾತ್ರ ತಣ್ಣಗಾದವು.

ಅಂದಿನಿಂದ ಅವಳು ನೋವನ್ನು ಹುಡುಕತೊಡಗಿದಳು. ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡು ಗಂಟನ್ನು ಹೆಬ್ಬೆರಳಿನಿಂದ ಒತ್ತುವಳು. ನೋಯುತ್ತಿರಲಿಲ್ಲ. ಮತ್ತೂ ಒತ್ತುವಳು. ಎದೆ ತೆಗೆಸಿಕೊಂಡವರನ್ನು ಅವಳು ಕಂಡಿದ್ದಳು. ರೋಗ ಸುಡುವ ಕರೆಂಟು ಕೊಡಿಸಿಕೊಳ್ಳಲೆಂದು ಮುಂಬಯಿಗೆ ಹೋದವರು ತಿರುಗಿ ಬಾರದ್ದನ್ನೂ ಕಂಡಿದ್ದಳು. ದೇವರೇ, ಒಂದಿಷ್ಟು ನೋವು ಕೊಡಪ್ಪಾ ಎಂದು ಬೇಡಿಕೊಂಡಳು. ಇಂಥ ಬೇಡಿಕೆ ಬೇರೆ ಯಾರೂ ಬೇಡಿರಲಾರರು ಎಂದು ಅವಳೆಣಿಕೆ.

ಐದನೆಯ ದಿನ ಎದೆ ನೀಲಿಗಟ್ಟಿತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಮುರಿಗೆವ್ವನಿಗೆ ಹಬ್ಬ ಬಂದಂತಾಯಿತು. ಅವತ್ತು ಎರಡು ರೊಟ್ಟಿ ಹೆಚ್ಚಿಗೇ ತಿಂದಳು.

ಮರುದಿನ ದುರ್ಗಿಯ ಹುಣ್ಣು ತೊಳೆಯುತ್ತ ಸುಮ್ಮನೆ ಕೇಳಿದಳು. “ಮೊದಲಿಗೆ ನಿನಗ ನೋವಿತ್ತೇನ?”

“ಇದ್ದಿಲ್ಲಕ್ಕಾ” ಎಂದಳು ದುರ್ಗಿ. “ಭಯ ಆಗಿ ನಾನ ಒತ್ತಿ ಒತ್ತಿ ನೋಯಿಸ್ಕೊಂಡೆ. ನೋವು ಬಂದ ಮ್ಯಾಲೆ, ಬರೇ ಬಾವು ಇರಬೇಕು ಅಂತ ಸೊಪ್ಪು ಕಟ್ಟಿದೆ. ಹಂಗ ಒಂದ್ ವರ್ಷ ಹೋತು.”

ಮುರಿಗೆವ್ವ ಹೇಗೋ ಪಟ್ಟಿ ಕಟ್ಟಿ ಮುಗಿಸಿದಳು. ದೊಡ್ಡ ಡಾಕ್ಟರ ಬಳಿ ಹೋಗುವ ಧೈರ್ಯ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ವಿಘ್ನೇಶ್ವರ ಒಬ್ಬನೇ ಇದ್ದ. ಕಲಿಯಲು ಬಂದ ನಾಲ್ವರಲ್ಲಿ ಬಿಳಗಿ ಕಡೆಯ ಈ ಹುಡುಗನೇ ಮೆತ್ತಗಿನವನು. ಸೂಜಿ ಚುಚ್ಚುವಾಗ ತಾನೇ ಕಣ್ಣು ಮುಚ್ಚುತ್ತಿದ್ದ. ಇವನಾದರೆ ಒಳ್ಳೆಯ ಮಾತು ಹೇಳಿಯಾನು ಎಂಬ ಆಸೆಯಿಂದಲೇ ಅವಳು ಒಳಗೆ ಹೋದಳು, ಸುಳ್ಳೇಕೆ.

ಸೆರಗು ಸರಿಸಿ ಗಂಟು ತೋರಿಸಿದಳು. ಅವನು ಮುಟ್ಟಿದ ಕೂಡಲೇ ಮುಖ ಕಿವುಚಿದಳು.

“ಎಂತ, ನೋವಿದ್ಯಾ?”

“ಭಾಳ ಐತ್ರಿ.”

ಹುಡುಗನ ಮುಖ ಅರಳಿತು. “ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದೆ, ಅಷ್ಟೇ. ಶಾಖ ಕೊಡಿ. ಹೆದರಬೇಡಿ.”

ಅವಳಿಗೆ ಬೇಕಾಗಿದ್ದದ್ದು ಅದೇ ಮಾತು. ಸೆರಗು ಸರಿಮಾಡಿಕೊಂಡು ಬಾಗಿಲ ತನಕ ನಡೆದಳು. ಹೊಸ್ತಿಲು ದಾಟಲು ಕಾಲು ಏಳಲಿಲ್ಲ. ಈಗ ದಾಟಿದರೆ ಬರುವ ಶ್ರಾವಣಕ್ಕೆ ತನ್ನ ಹುಣ್ಣನ್ನು ಇನ್ನೊಬ್ಬ ಆಯಾ ತೊಳೆಯುತ್ತಿರುತ್ತಾಳೆ ಎನ್ನಿಸಿತು.

“ಸಾಹೇಬ್ರ, ಈ ನೋವು ಸುಳ್ಳು” ಎಂದಳು, ತಿರುಗಿ ನೋಡದೆ. “ಈ ಪೆಟ್ಟು ನಾನ ಮಾಡಿಕೊಂಡದ್ದು. ಗಂಟು ಸುಗ್ಗಿಯಿಂದ ಐತಿ. ಈ ವಾರದ ತನಕ ಒಂದ ದಿನಾನೂ ನೊಂದಿಲ್ಲ.”

ವಿಘ್ನೇಶ್ವರ ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತಂದ. ಅವರು ಎದೆ ನೋಡಿದರು, ಕಂಕುಳು ನೋಡಿದರು, ಆಮೇಲೆ ಹುಡುಗನಿಗೂ ಮುಟ್ಟಿ ನೋಡಲು ಹೇಳಿದರು. ಏನು ಸಿಕ್ಕಿತೆಂದು ಕೇಳಿದಾಗ ಅವನು ಇಂಗ್ಲಿಷಿನಲ್ಲಿ ಶುರುಮಾಡಿದ.

“ನನಗ ತಿಳಿಯೋ ಹಂಗ ಹೇಳ್ರಿ” ಎಂದಳು ಮುರಿಗೆವ್ವ.

ದೊಡ್ಡ ಡಾಕ್ಟರು ಹುಡುಗನನ್ನು ತಡೆದರು. “ಹೇಳಪ್ಪ, ಅವಳಿಗೇ ಹೇಳು. ಇದನ್ನೂ ಕಲೀಬೇಕು. ನಾನು ಕಲಿಸಿಲ್ಲ.”

ಹುಡುಗ ಅವಳ ಕಡೆ ತಿರುಗಿದ. ಗಾಬರಿಗೆ ಮನೆಮಾತೇ ಬಂತು. “ಮುರಿಗೆವ್ವಾ, ಇದು ಆ ರೋಗವೇ ಇರಕು. ಎದೆ ತೆಗೆಯಕಾಗ್ತು. ಕಂಕುಳಿಗೆ ಹಬ್ಬಿದಾಂಗೆ ಕಾಣ್ತಿಲ್ಲೆ.”

“ಉಳೀತೀನೇನ್ರಿ?”

“ಗೊತ್ತಿಲ್ಲೆ.”

ಮುರಿಗೆವ್ವ ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು. “ನನಗ ಭಾಳ ಹೆದರಿಕಿ ಆಗೇತ್ರಿ.”

“ನಂಗೂ” ಎಂದ ವಿಘ್ನೇಶ್ವರ.

ಅವಳು ಬೆಂಚಿನಲ್ಲಿ ಸ್ವಲ್ಪ ಸರಿದಳು. “ಹಂಗಾರ ಇಲ್ಲೇ ಒಂದೀಟು ಕೂಡ್ರಿ” ಎಂದಳು.