ಒಂದು ಬೆಳಗಿನ ಟಿವಿ

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಮೇಲ್ತುದಿಯಿಂದ ಹುಡುಗರು "ವ್ಯಾನ್ ಬಂತು! ವ್ಯಾನ್ ಬಂತು!" ಎಂದು ಕೂಗಿದರೆ ಸಾಕು, ಮನೆಮನೆಯ ಟಿವಿಯೂ ಕುತ್ತಿಗೆ ಹಿಸುಕಿದಂತೆ ಸುಮ್ಮನಾಗುತ್ತಿತ್ತು. ಅಮ್ಮ ನಮ್ಮ ಟಿವಿಗೆ ಕಂಬಳಿ ಹೊದಿಸಿ, ಅದರ ಮೇಲೆ ಇಸ್ತ್ರಿಗೆ ಇಟ್ಟ ಬಟ್ಟೆ ಪೇರಿಸಿ, ನನ್ನನ್ನೂ ಅಣ್ಣನನ್ನೂ ಸೋಫಾದ ಹಿಂದೆ ಕೂರಿಸುತ್ತಿದ್ದಳು. ನಮ್ಮ ದೇಶದಲ್ಲಿ ಟಿವಿ ನೋಡಲು ವರ್ಷವರ್ಷ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕು; ಅದಿಲ್ಲದ ಟಿವಿಯನ್ನು ಆ ವ್ಯಾನು ಗೋಡೆಯ ಆಚೆಯಿಂದಲೇ ಮೂಸಿ ಹಿಡಿಯುತ್ತದೆ ಎಂದು ಎಲ್ಲರ ನಂಬಿಕೆ. ಬಹಳ ಸಲ ಬಂದದ್ದು ಬ್ರೆಡ್ಡಿನ ವ್ಯಾನು.

ಇಡೀ ಬೀದಿ ಹೀಗೆ ಉಸಿರು ಬಿಗಿಹಿಡಿದಾಗ ಒಂದು ಮನೆಯ ಮುಂಬಾಗಿಲು ಮಾತ್ರ ದಢಾರನೆ ತೆರೆಯುತ್ತಿತ್ತು. ಅದು ತಪ್ಪದೆ ಲೈಸೆನ್ಸ್ ಕಟ್ಟುತ್ತಿದ್ದ ನಮ್ಮ ಪಕ್ಕದ ಮನೆಯ ಥೆಲ್ಮಾ ಬ್ಯಾರಕ್ಲಫ್ ಅವರದು. ಟಿವಿಯ ಸದ್ದು ಬೀದಿಗೆಲ್ಲ ಕೇಳುವಂತೆ ಏರಿಸಿ, ಹೊಸ್ತಿಲಲ್ಲಿ ಕೈಕಟ್ಟಿ ನಿಂತು ಅವರು ಕೇಳುತ್ತಿದ್ದರು: "ಏನ್ರೇ, ಎಲ್ಲಾರ ಮನೇಲೂ ಕತ್ತಲು? ಯಾರಾದ್ರೂ ಸತ್ರಾ?"

ಅವರನ್ನು ನಾನು ಅಂದಿನಿಂದ ಇಂದಿನವರೆಗೂ ಥೆಲ್ಮಾ ಆಂಟಿ ಎಂದೇ ಕರೆಯುತ್ತೇನೆ. ಯಾರ್ಕ್‌ಶೈರಿನ ನಮ್ಮ ಊರಿನ ಉಣ್ಣೆ ಗಿರಣಿಯಲ್ಲಿ, ಅದು ಮುಚ್ಚುವವರೆಗೂ, ನೇಯ್ದ ಬಟ್ಟೆಯ ದೋಷ ಹುಡುಕುವುದು ಅವರ ಕೆಲಸವಾಗಿತ್ತು. ಥಾನನ್ನು ಇಳಿಜಾರು ಮೇಜಿನ ಮೇಲೆ ಹರಡಿ, ಬೆರಳ ತುದಿ ಆಡಿಸಿ, ಗಂಟು ಕಂಡಲ್ಲಿ ಬಿಡಿಸಿ, ತಪ್ಪಿದ ಎಳೆಯನ್ನು ಸೂಜಿಯಿಂದ ಕೂಡಿಸಬೇಕು. ಗಿರಣಿ ಹೋಯಿತು, ಬೆರಳಿನ ಚಟ ಹೋಗಲಿಲ್ಲ. ಮನುಷ್ಯರ ಮೇಲೂ ಹಾಗೇ ಕೈಯಾಡಿಸುತ್ತಿದ್ದರು. ಗಂಟು ಸಿಕ್ಕರೆ ಎಳೆಯದೆ ಬಿಡುತ್ತಿರಲಿಲ್ಲ.

ಎದುರು ಮನೆಯ ಬ್ರೆಂಡಾಗೆ ಒಮ್ಮೆ ಲೈಸೆನ್ಸ್ ಇಲ್ಲದ ಟಿವಿಗೆ ಕೋರ್ಟಿನಲ್ಲಿ ದಂಡ ಬಿತ್ತು. ಮರುದಿನ ಮಾಂಸದಂಗಡಿಯ ಸಾಲಿನಲ್ಲಿ ಥೆಲ್ಮಾ ಆಂಟಿ ಹಿಂದಿನಿಂದ ಜೋರಾಗಿ ಹೇಳಿದರು: "ಬ್ರೆಂಡಾಗೆ ಮೊದ್ಲು ಕೊಟ್ ಕಳಿಸಪ್ಪ, ಪಾಪ, ಆಕೆಗೆ ಕೋರ್ಟಿಗೆ ಹೊತ್ತಾಗುತ್ತೆ." ಸಾಲು ಬಿದ್ದು ಬಿದ್ದು ನಕ್ಕಿತು. ಬ್ರೆಂಡಾ ಸಾಸೇಜು ತೆಗೆದುಕೊಳ್ಳದೆ ಹೋದಳು. ಅವಳ ಪಕ್ಕದಲ್ಲಿದ್ದ ಮಗ ಕೀತ್‌ಗೆ ಆಗ ಇಪ್ಪತ್ತರ ಆಸುಪಾಸು. ಅವನು ನಗಲಿಲ್ಲ.

ಥೆಲ್ಮಾ ಆಂಟಿಯ ಈ ಸೊಕ್ಕಿಗೆಲ್ಲ ಆಧಾರ ಒಂದು ಕೀಲಿಕೈ. ಬೀದಿಯ ಕೊನೆಯ ಚಾಪೆಲ್ಲಿನ, ಅಂದರೆ ನಮ್ಮ ಸಣ್ಣ ಪ್ರಾರ್ಥನಾಮಂದಿರದ, ದೊಡ್ಡ ಬಾಗಿಲಿನ ಕೀಲಿಕೈ ಅದು. ಅವರ ತಾಯಿಯ ಕೈಯಲ್ಲಿದ್ದದ್ದು ಅವರಿಗೆ ಬಂದಿತ್ತು. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಯುವುದು, ಒಲೆ ಹಚ್ಚುವುದು, ಹಿತ್ತಾಳೆ ಉಜ್ಜುವುದು, ಎಲ್ಲರೂ ಹೋದ ಮೇಲೆ ಬೀಗ ಹಾಕುವುದು. ಸಂಬಳವಿಲ್ಲ. "ಕೈ ಶುದ್ಧ ಇದ್ದೋರಿಗೆ ಮಾತ್ರ ಈ ಕೀಲಿ," ಎನ್ನುತ್ತಿದ್ದರು. ಅವರ ತಾಯಿಗಿಂತ ಮುಂಚೆ ಅದನ್ನು ಇಟ್ಟುಕೊಂಡಿದ್ದವನು ಕುಡಿದು ಠಾಣೆ ಹತ್ತಿದ್ದಕ್ಕೆ ಕಸಿದುಕೊಂಡಿದ್ದರಂತೆ. ಆಂಟಿಗೆ ಮಕ್ಕಳಿಲ್ಲ. ಗಂಡ ಕ್ಲಿಫರ್ಡ್ ತೀರಿಕೊಂಡ ಮೇಲೆ ಬೆಳಗಾದರೆ ಏಳುವುದಕ್ಕೊಂದು ಕಾರಣ ಎಂದರೆ ಆ ಚಾಪೆಲ್ಲೇ ಆಗಿತ್ತು.

ಕ್ಲಿಫರ್ಡ್ ಹೋದ ವರ್ಷ ಅವರು ಲೈಸೆನ್ಸ್ ಬಿಟ್ಟರು. ಒಬ್ಬರ ಪಿಂಚಣಿಯಲ್ಲಿ ಮನೆ ಬೆಚ್ಚಗಿಡಬೇಕೋ ಟಿವಿಗೆ ಕಟ್ಟಬೇಕೋ ಎಂಬ ಸ್ಥಿತಿ. ಆದರೆ ಕದಿಯುವ ಹೆಂಗಸಲ್ಲ. ನನ್ನನ್ನು ಕೂರಿಸಿಕೊಂಡು ನಿಯಮವನ್ನು ಪೂರ್ತಿ ಓದಿಸಿಕೊಂಡರು. ಯಾವ ವಾಹಿನಿಯೇ ಆಗಲಿ, ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ಡಿಸ್ಕ್ ಹಾಕಿಕೊಂಡು ಹಳೇ ಸಿನಿಮಾ ನೋಡಿದರೆ ಬೇಡ. ಟಿವಿ ಮನೆಯಲ್ಲಿರುವುದು ತಪ್ಪಲ್ಲ.

"ಅಂದ್ರೆ ಪೆಟ್ಟಿಗೆ ಇಟ್ಕೋಬೋದು, ಪ್ರಸಾರ ನೋಡ್ಬಾರ್ದು. ಅಷ್ಟೇ ತಾನೆ ಮಗಳೇ?"

"ಅಷ್ಟೇ ಆಂಟಿ."

ಅವರು ಲೈಸೆನ್ಸ್ ಕಚೇರಿಗೆ 'ನನಗೆ ಲೈಸೆನ್ಸ್ ಬೇಕಿಲ್ಲ' ಎಂದು ತಿಳಿಸಿದರು. ಗೋಡೆಗೆ ಹೋಗುವ ಆಂಟೆನಾ ತಂತಿಯನ್ನು ಕಿತ್ತು, ಸುತ್ತಿ, ಡ್ರಾಯರಿನಲ್ಲಿಟ್ಟರು. ಕ್ಲಿಫರ್ಡ್ ಕೂಡಿಟ್ಟಿದ್ದ ಡಿಸ್ಕುಗಳನ್ನು ಒಂದಾದ ಮೇಲೊಂದು ನೋಡಿ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದರು. ಸುದ್ದಿ ಬೇಕಾದಾಗ ನಮ್ಮ ಮನೆಗೆ ಬರುತ್ತಿದ್ದರು. ನಮಗೆ ಲೈಸೆನ್ಸ್ ಇದೆ; ಮದುವೆಯಾಗಿ ಅದೇ ಮನೆಯಲ್ಲಿ ಉಳಿದ ಮೇಲೆ ನಾನು ಮಾಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಸೋಫಾದ ಹಿಂದೆ ನನ್ನ ಮಕ್ಕಳು ಕೂರುವುದು ಬೇಡ ಎನಿಸಿತ್ತು.

ಆಮೇಲೆ ನಮ್ಮ ದೇಶದ ರಾಣಿ ತೀರಿಕೊಂಡರು. ಅಂತಿಮಯಾತ್ರೆಯ ದಿನ ದೇಶಕ್ಕೆ ರಜೆ. ಆಂಟಿ ನಮ್ಮ ಮನೆಗೆ ಬಂದು ನೋಡುವುದೆಂದು ಮಾತಾಗಿತ್ತು. ಆದರೆ ಹಿಂದಿನ ಸಂಜೆಯೇ ನನಗೆ ನೋವು ಶುರುವಾಗಿ ಆಸ್ಪತ್ರೆಗೆ ಓಡಿದೆವು. ಬೆತ್ ಹುಟ್ಟಿದಳು. ನಮ್ಮ ಮನೆಗೆ ಬೀಗ. ಕೀತ್ ಮಾತ್ರ ತನ್ನ ಮನೆಯ ಕಿಟಕಿ ತೆರೆದು, ಗೋಡೆಯಗಲದ ಟಿವಿ ಹಚ್ಚಿ, ಅರ್ಧ ಬೀದಿಯನ್ನು ಕರೆದಿದ್ದ. ಬ್ರೆಂಡಾಳ ಮಗನ ಮನೆಗೆ ಆಂಟಿ ಹೋಗುವುದುಂಟೇ? ಡ್ರಾಯರಿನಿಂದ ತಂತಿ ತೆಗೆದರು. ಕಪ್ಪು ಬಟ್ಟೆ ಹಾಕಿಕೊಂಡು, ಒಬ್ಬರೇ ಕೂತು ನೋಡಿದರು. ಮುಗಿದ ಮೇಲೆ ತಂತಿಯನ್ನು ಮತ್ತೆ ಸುತ್ತಿಟ್ಟರು.

ಚಳಿ ಬಿದ್ದ ಮೇಲೆ ಲೈಸೆನ್ಸಿನ ಮನುಷ್ಯ ಬಂದ. ಬೇಡ ಎಂದವರ ಮನೆಗೆ ಹಾಗೊಮ್ಮೆ ಬಂದು ನೋಡುವ ಪದ್ಧತಿಯಂತೆ. ಬಾಗಿಲು ತೆರೆಯಲೇಬೇಕೆಂದಿಲ್ಲ, ಮಾತಾಡಲೇಬೇಕೆಂದಿಲ್ಲ. ಇದು ನಮ್ಮ ಬೀದಿಯ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರು ಥೆಲ್ಮಾ ಆಂಟಿ ಒಬ್ಬರೇ, ಏಕೆಂದರೆ ಅವರಿಗೆ ಅದು ಎಂದೂ ಬೇಕಾಗಿರಲಿಲ್ಲ. ಹೊರಗೆ ಸಣ್ಣ ಮಳೆ. ಮಳೆಯಲ್ಲಿ ಬಂದವನನ್ನು ಹೊಸ್ತಿಲಲ್ಲಿ ನಿಲ್ಲಿಸುವುದು ಅವರ ತಾಯಿ ಕಲಿಸಿದ ರೀತಿಯಲ್ಲ. ಒಳಗೆ ಕರೆದರು, ಅವನ ಕೋಟನ್ನು ಒಲೆಯ ಹತ್ತಿರ ತೂಗುಹಾಕಿದರು, ಚಹಾ ಕೊಟ್ಟರು, ಶುಂಠಿ ಕೇಕು ಕೊಯ್ದು ಕೊಟ್ಟರು. ನಾನು ಎರಡು ತಿಂಗಳ ಬೆತ್‌ಳನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಹೋಗುವಷ್ಟರಲ್ಲಿ ಎರಡನೇ ತುಂಡು ತಟ್ಟೆಗೆ ಬಿದ್ದಿತ್ತು.

ಅವನು ಒಳ್ಳೆಯವನೇ. ಮೊದಲು ಒಂದು ಎಚ್ಚರಿಕೆ ಓದಿದ: ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಅದು ಕೋರ್ಟಿಗೆ ಹೋಗಬಹುದು, ಏನೂ ಹೇಳದೆಯೂ ಇರಬಹುದು. ಆಂಟಿ ಪ್ರಾರ್ಥನೆ ಕೇಳುವವರಂತೆ ತಲೆಬಾಗಿಸಿ ಕೇಳಿದರು.

"ಈ ಟಿವಿಯಲ್ಲಿ ಪ್ರಸಾರ ಯಾವತ್ತಾದ್ರೂ ನೋಡಿದ್ದೀರಾ ಅಮ್ಮಾ?"

"ಆಂಟಿ," ಎಂದೆ ನಾನು, "ಉತ್ತರ ಕೊಡ್ಬೇಕು ಅಂತಿಲ್ಲ. ಚಹಾ ಕುಡ್ದು ಹೋಗ್ತಾರೆ, ಬಿಡಿ."

ಅವರು ನನ್ನತ್ತ ತಿರುಗಿ ನೋಡಿದ ನೋಟ ಮಾಂಸದಂಗಡಿಯ ಸಾಲಿನ ಹಳೇ ನೋಟ. "ನಿಮ್ಮಮ್ಮ ಕಂಬಳಿ ಹೊದಿಸ್ತಿದ್ಲು. ನಾನ್ ಹೊದಿಸಲ್ಲ." ಅವನತ್ತ ತಿರುಗಿದರು. "ಒಂದ್ಸಲ ನೋಡ್ದೆ. ರಾಣೀದು. ಬೆಳಿಗ್ಗೆಯಿಂದ ಮಣ್ಣು ಮಾಡೋವರ್ಗೂ. ಬರ್ಕೊಳಪ್ಪ."

ಅವನ ಪೆನ್ನು ಗಳಿಗೆ ಹೊತ್ತು ನಿಂತಿತು. "ನಿಜವಾಗ್ಲೂ ಬರ್ಕೊಳ್ಲಾ ಅಮ್ಮಾ?"

"ಮತ್ತೆ? ಸುಳ್ಳು ಬರ್ಕೋತೀಯಾ?"

ಅವನು ಬರೆದುಕೊಂಡ. ಆಂಟಿ ಕನ್ನಡಕ ಹಾಕಿಕೊಂಡು ಓದಿ, ದುಂಡನೆಯ ಅಕ್ಷರದಲ್ಲಿ ಸಹಿ ಮಾಡಿದರು. ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅವನು ಹೋದ ಮೇಲೆ ಅವರ ಮುಖ ತೊಳೆದಂತಿತ್ತು. ಚಾಪೆಲ್ಲಿನಲ್ಲಿ ಎದ್ದುನಿಂತು ತಪ್ಪು ಒಪ್ಪಿಕೊಂಡರೆ ಸಭೆಯೆಲ್ಲ 'ಆಮೆನ್' ಎಂದು ಕೂರಿಸುತ್ತದೆ. ಲೋಕವೂ ಹಾಗೇ ಎಂದುಕೊಂಡಿದ್ದರು.

ಚಳಿಗಾಲ ಕಳೆಯುವ ಹೊತ್ತಿಗೆ ಕೋರ್ಟಿನ ಲಕೋಟೆ ಬಂತು. ನಾನು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿ ಓದಿದೆ. ತಪ್ಪು ಮಾಡಿಲ್ಲ ಎನ್ನಬಹುದು. ಮಾಡಿದೆ ಎಂದು, ಕಾರಣ ಬರೆದು ಕಳಿಸಬಹುದು. ಮಾಡಿದೆ ಎಂದು, ಕೋರ್ಟಿಗೆ ಬಂದು ಮಾತಾಡುತ್ತೇನೆ ಎಂದೂ ಗುರುತು ಹಾಕಬಹುದು. ಹಾಗೆ ಗುರುತು ಹಾಕದಿದ್ದರೆ ಒಬ್ಬರೇ ಮ್ಯಾಜಿಸ್ಟ್ರೇಟು ಯಾವುದೋ ಕೋಣೆಯಲ್ಲಿ ಕಾಗದ ನೋಡಿ ತೀರ್ಮಾನ ಮಾಡುತ್ತಾರೆ.

"ಇಲ್ಲಿ ಗುರುತು ಹಾಕಿ ಆಂಟಿ. ಹೋಗಿ ಮಾತಾಡೋಣ. ನಾನೂ ಬರ್ತೀನಿ."

"ನಾನೇ ನನ್ನ ಕರೀರಿ ಅಂತ ಕೇಳ್ಕೊಳ್ಳೋದಾ? ಅಷ್ಟು ದೊಡ್ಡವರ ಹೊತ್ತು ಹಾಳುಮಾಡೋದಾ? ರಂಪ ಮಾಡೋ ಪೈಕಿ ಅಲ್ಲ ನಾವು."

"ರಂಪ ಅಲ್ಲ ಆಂಟಿ. ಗುರುತು ಹಾಕದೇ ಇದ್ರೆ ಅವ್ರು ಕರೆಯೋದೇ ಇಲ್ಲ."

"ಕರೀತಾರೆ. ಮನುಷ್ಯರ ಮುಖ ನೋಡ್ದೆ ಅವ್ರನ್ನ ಅಪರಾಧಿ ಅನ್ನೋಕಾಗುತ್ತಾ? ನಮ್ಮ ದೇಶದಲ್ಲಿ?"

ತಪ್ಪು ಮಾಡಿದೆ ಎಂದರು, ಕಾರಣ ಬರೆದರು, ಗುರುತು ಹಾಕಲಿಲ್ಲ. ನಾನು ಕೈಮುಗಿದು ಕೇಳಿದೆ. ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. ಮರುದಿನ ನೀಲಿ ಕೋಟು ತೆಗೆದು, ಬ್ರಷ್ ಮಾಡಿ, ಬಾಗಿಲ ಹಿಂದೆ ತೂಗುಹಾಕಿದರು. ಕರೆದಾಗ ತಡವಾಗಬಾರದಲ್ಲ. ಏನು ಹೇಳಬೇಕೆಂದು ಬಟ್ಟೆ ಒಣಹಾಕುತ್ತಾ ಗಟ್ಟಿಯಾಗಿ ಅಭ್ಯಾಸ ಮಾಡುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. "ಮಾನ್ಯರೇ, ನಾನು ಬಾಗಿಲು ತೆಗೆದೇ ಬಾಳಿದವಳು..."

ಯಾರೂ ಕರೆಯಲಿಲ್ಲ. ಕೋಟು ತೂಗಾಡುತ್ತಿರುವಾಗಲೇ ತೀರ್ಮಾನ ಅಂಚೆಯಲ್ಲಿ ಬಂತು. ಅಪರಾಧಿ. ದಂಡ, ಖರ್ಚು. ಅವರು ಹಣದ ಸಾಲುಗಳನ್ನು ಓದಲೇ ಇಲ್ಲ. ಮೊದಲ ಪದದ ಮೇಲೆ ಬೆರಳು ಆಡಿಸುತ್ತಾ ಕೂತರು.

"ಇದಕ್ಕೆ ಜೈಲಿಲ್ಲ, ಕೆಲ್ಸಕ್ಕೆ ತೊಂದ್ರೆ ಇಲ್ಲ, ಯಾರೂ ಕೇಳೋದೂ ಇಲ್ಲ," ಎಂದೆ. "ದಂಡ ಕಂತಿನಲ್ಲಿ ಕಟ್ಟೋಣ, ಮುಗೀತು."

"ಯಾರಿಗೂ ಗೊತ್ತಾಗಲ್ಲ ಅಂತೀಯಾ?"

ಗೊತ್ತಾಯಿತು. ನಮ್ಮ ಊರಿನ ವಾರಪತ್ರಿಕೆ ಕೋರ್ಟಿನ ದಂಡಗಳನ್ನು ಹೆಸರು, ವಯಸ್ಸು, ಬೀದಿ ಸಮೇತ ಅಚ್ಚುಹಾಕುತ್ತದೆ. ಕುಡಿದು ಕಾರು ಓಡಿಸಿದವನ ಕೆಳಗೆ, ಅಂಗಡಿಯಲ್ಲಿ ವಿಸ್ಕಿ ಕದ್ದವನ ಮೇಲೆ: ಥೆಲ್ಮಾ ಬ್ಯಾರಕ್ಲಫ್, ಎಪ್ಪತ್ತಮೂರು. ಕೀತ್ ಅದನ್ನು ನೀಟಾಗಿ ಕತ್ತರಿಸಿ ಮೀನು-ಚಿಪ್ಸ್ ಅಂಗಡಿಯ ಗಾಜಿಗೆ, ಬೆಲೆಪಟ್ಟಿಯ ಪಕ್ಕ, ಅಂಟಿಸಿದ. ಅಂಗಡಿಯವನು ತೆಗೆಯಲಿಲ್ಲ. ಗಿರಾಕಿಗಳಿಗೆ ನಗು ಬೇಕಲ್ಲ.

ಶುಕ್ರವಾರ ಆಂಟಿ ಎಂದಿನಂತೆ ಮೀನಿಗೆ ಹೋದರು. ನಾನು ಬೆತ್‌ಳ ಗಾಡಿ ತಳ್ಳಿಕೊಂಡು ಅವರ ಹಿಂದೆಯೇ ನಿಂತಿದ್ದೆ. ಸಾಲು ಬಾಗಿಲಿನಾಚೆಗೂ ಇತ್ತು. ಕೀತ್ ಮುಂದಿನಿಂದ ಕೂಗಿದ: "ಅಜ್ಜಿಗೆ ಮೊದ್ಲು ಕೊಟ್ ಕಳಿಸ್ರಪ್ಪಾ! ಕೋರ್ಟಿಗೆ ಹೊತ್ತಾಗುತ್ತೆ!"

ಸಾಲು ನಕ್ಕಿತು. ಹಿಂದೆ ಬ್ರೆಂಡಾಗೆ ನಕ್ಕವರಲ್ಲಿ ಉಳಿದವರೂ ಅಲ್ಲಿದ್ದರು. ಈಗಲೂ ಅಷ್ಟೇ ಮನಸಾರೆ ನಕ್ಕರು.

"ನಾಚಿಕೆ ಆಗಲ್ವಾ ಕೀತ್?" ಎಂದೆ. "ನೀನು ಹುಟ್ಟಿದಾಗಿನಿಂದ ಒಂದ್ ಪೌಂಡ್ ಲೈಸೆನ್ಸ್ ಕಟ್ಟಿದ್ದೀಯಾ?"

"ಇಲ್ಲಪ್ಪಾ," ಎಂದ ಕೀತ್ ಖುಷಿಯಿಂದ. "ಕಟ್ಟೋದು ಯಾಕೆ? ಬಾಗಿಲು ತೆಗೀದಿದ್ರಾಯ್ತು. ನಮ್ಮಮ್ಮನೂ ತೆಗೀಬಾರ್ದಿತ್ತು. ತೆಗೆದಳು, ಅನುಭವಿಸಿದಳು. ಇವ್ರು ಕೇಕೂ ಕೊಟ್ರಂತೆ!"

ಥೆಲ್ಮಾ ಆಂಟಿ ಮೀನು ತೆಗೆದುಕೊಂಡೇ ಬಂದರು. ಮೇಲೆ ವಿನಿಗರ್ ಕೂಡ ಹೆಚ್ಚೇ ಹಾಕಿಸಿಕೊಂಡರು. ದಾರಿಯಲ್ಲಿ, "ಬ್ರೆಂಡಾಗೆ ನಾನಂದಿದ್ದು ಇದೇ ಮಾತು ಅಲ್ವಾ?" ಎಂದರು. ಹೌದೆಂದೆ. "ಅವ್ಳು ಸಾಸೇಜು ಬಿಟ್ಟು ಹೋದ್ಲು. ನಾನ್ ಬಿಡ್ಲಿಲ್ಲ ನೋಡು," ಎಂದರು. ಅದರಲ್ಲಿ ಪಶ್ಚಾತ್ತಾಪ ಎಷ್ಟಿತ್ತು, ಸೊಕ್ಕು ಎಷ್ಟಿತ್ತು, ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ಬಡಿದರು. ಮೈಮೇಲೆ ಆ ನೀಲಿ ಕೋಟು.

"ಕೀಲಿಕೈ ಒಪ್ಪಿಸೋಕೆ ಹೋಗ್ತಿದ್ದೀನಿ. ಜೊತೆಗೆ ಬಾ."

"ಯಾರು ಕೇಳಿದ್ರು ಆಂಟಿ?"

"ಯಾರೂ ಕೇಳಿಲ್ಲ. ಕೇಳೋಕೆ ಮುಂಚೆ ಕೊಡೋದು ಮರ್ಯಾದೆ. ಚಾಪೆಲ್ ನೋಡ್ಕೊಳ್ಳೋ ಗ್ರೀನ್‌ವುಡ್ ತೊಗೊಳಲ್ಲ, ನೋಡ್ತಿರು. ನಿಂಗೇನ್ ಹುಚ್ಚೇ ಥೆಲ್ಮಾ, ಸುಮ್ನೆ ಒಳಗಿಟ್ಕೋ ಅಂತಾನೆ. ಆದ್ರೂ ಕೊಡ್ಬೇಕು ಅನ್ನೋದು ಕೊಡ್ಬೇಕು."

ಆ ಮುಖದಲ್ಲಿ ಎಷ್ಟು ಭರವಸೆ ಇತ್ತೆಂದರೆ ನಾನು ಬೆತ್‌ಳ ಟೋಪಿ ಕಟ್ಟುವ ನೆಪದಲ್ಲಿ ಕೆಳಗೆ ನೋಡಿದೆ. ಕೋರ್ಟು ಹೇಳದಿದ್ದ 'ನೀನು ಒಳ್ಳೆಯವಳು' ಎಂಬ ಮಾತನ್ನು ಚಾಪೆಲ್ ಹೇಳುತ್ತದೆ ಎಂದು ಅವರ ನಂಬಿಕೆ. ಅದೊಂದು ಸಿಕ್ಕರೆ ಪತ್ರಿಕೆ, ಮೀನಂಗಡಿ, ಕೀತ್ ಎಲ್ಲವನ್ನೂ ಒರೆಸಿ ಹಾಕುತ್ತಿದ್ದರು.

ಪ್ರಾರ್ಥನೆ ಮುಗಿದು ಜನ ಚಹಾಕ್ಕೆ ಹೊರಟಾಗ ಚಾಪೆಲ್ಲಿನ ಮೇಲ್ವಿಚಾರಕ ಡೊನಾಲ್ಡ್ ಗ್ರೀನ್‌ವುಡ್ ಬಾಗಿಲ ಬಳಿ ಸಿಕ್ಕರು. ಮೃದು ಮಾತಿನ ಮನುಷ್ಯ. ಆಂಟಿಯ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಆಂಟಿ ಕರವಸ್ತ್ರ ಬಿಡಿಸಿ ಕೀಲಿಕೈ ಚಾಚಿದರು.

"ಹೀಗಾಗಿಬಿಡ್ತು ಡೊನಾಲ್ಡ್. ಇದು ನನ್ನ ಹತ್ರ ಇರೋದು ಸರಿ ಅಲ್ಲ."

"ಅಯ್ಯೋ ಥೆಲ್ಮಾ!" ಎಂದರು ಗ್ರೀನ್‌ವುಡ್. ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡರು. ಆಂಟಿಯ ಮುಖ ಅರಳಿತು. "ಎಂಥಾ ದೊಡ್ಡ ಮನಸ್ಸು ನಿಂದು. ಹೇಗೆ ಕೇಳೋದು ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದ್ವಿ. ನೀನೇ ತಂದುಬಿಟ್ಟೆ."

ಕೀಲಿಕೈ ಅವರ ಜೇಬಿಗೆ ಹೋಯಿತು.

ಆಂಟಿಯ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಆಮೇಲೆ ಅದನ್ನು ಬಾಗಿಲಿನತ್ತ ತೋರಿಸಿದರು. "ಬಾಗಿಲು ಸ್ವಲ್ಪ ಮೊಂಡು. ಎಡಗೈಯಲ್ಲಿ ಮೇಲೆತ್ತಿ ಹಿಡ್ಕೊಂಡು ತಿರುಗಿಸ್ಬೇಕು. ಬಲವಂತ ಮಾಡಿದ್ರೆ..."

"ನೀನು ಅದರ ಚಿಂತೆ ಮಾಡ್ಬೇಡಮ್ಮಾ," ಎಂದರು ಗ್ರೀನ್‌ವುಡ್ ಅವರ ಭುಜ ತಟ್ಟಿ. "ನಾಳೆ ಆಳು ಬರ್ತಾನೆ. ಬೀಗಾನೇ ಬದಲಾಯಿಸ್ತಿದ್ದೀವಿ."

ಚಹಾಕ್ಕೆ ನಿಲ್ಲದೆ ಇಳಿಜಾರು ಇಳಿದೆವು. ಬೆತ್ ಹಸಿದು ಅಳುತ್ತಿದ್ದಳು. ಮಗು ಅತ್ತಾಗಲೆಲ್ಲ ಗಾಡಿಯೊಳಗೆ ಬಗ್ಗುವ ಆಂಟಿ ಅಂದು ಬಗ್ಗಲಿಲ್ಲ. ಮನೆಯ ಮುಂದೆ ಬಂದಾಗ ನಿಂತರು.

"ಆ ಬೀಗಕ್ಕೆ ಏನೂ ಆಗಿಲ್ಲ ಮಗಳೇ," ಎಂದರು. "ಹೋದ ವಾರ ನಾನೇ ಎಣ್ಣೆ ಹಾಕಿದ್ದೆ."