ತಾರಸಿ ಮೇಲಿನ ರೇಷ್ಮೆಗೂಡು

ನಮ್ಮ ಭಾವನ ಹೊಸ ಮನೆಯ ತಾರಸಿ ಮೇಲೆ ಒಂದು ರೇಷ್ಮೆಗೂಡು ಮಲಗಿದೆ. ಹತ್ತು ಅಡಿ ಉದ್ದ. ಹೆದರಬೇಡಿ, ಒಳಗೆ ಹುಳ ಇಲ್ಲ. ಅದು ನೀರಿನ ಟ್ಯಾಂಕು.

ಭಾವ ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಯೂನಿಟ್ ನಡೆಸಿ ಮೇಲೆ ಬಂದವರು. ಅನ್ನ ಕೊಟ್ಟ ಗೂಡು ನೆತ್ತಿಯ ಮೇಲಿರಲಿ ಎಂಬ ಆಸೆ. (ಪಕ್ಕದ ಬೀದಿಯಲ್ಲಿ ಯಾರೋ ಫುಟ್‌ಬಾಲ್ ಆಕಾರದ ಟ್ಯಾಂಕು ಕಟ್ಟಿಸಿದ್ದೂ ಒಂದು ಕಾರಣ.)

ಚೌಕಾಸಿಗೆ ಚಿಕ್ಕಬಳ್ಳಾಪುರದಿಂದ ನನ್ನನ್ನು ಕರೆಸಿದರು. ಸೀರೆಯಿಂದ ಸೈಟಿನವರೆಗೆ ನಮ್ಮವರು ಏನು ಕೊಂಡರೂ ಮಾತಿಗೆ ನಾನೇ. ಮೇಸ್ತ್ರಿ ಉದ್ದ, ಅಗಲ, ಎತ್ತರ ಗುಣಿಸಿ ರೇಟು ಹೇಳಿದ. ಬಿಡುತ್ತೇನೆಯೇ?

"ಇದೇನಪ್ಪಾ, ಪೆಟ್ಟಿಗೇನಾ? ಎರಡೂ ತುದಿ ಗುಂಡಗಿದೆ. ಮೂಲೆಗಳೆಲ್ಲ ಹೋದ್ವಲ್ಲ? ಮೂರರಲ್ಲೊಂದು ಭಾಗ ಕಳಿ."

"ಸಾರ್, ಗುಂಡಗೆ ಕಟ್ಟೋದೇ ಕಷ್ಟ ಸಾರ್!"

"ಕಷ್ಟ ಬೇರೆ, ಕಾಂಕ್ರೀಟ್ ಬೇರೆ. ಕಳಿ."

ಕಳೆದ. ಭಾವ ನನ್ನ ಬೆನ್ನು ತಟ್ಟಿದರು.

ಗೃಹಪ್ರವೇಶದ ಹಿಂದಿನ ದಿನ ಅಕ್ಕನಿಗೆ ನೀರಿನದೇ ಚಿಂತೆ. ಬೀದಿ ನಲ್ಲಿಯಲ್ಲಿ ನೀರಿಲ್ಲ. ಅಡುಗೆ, ಪಾತ್ರೆ, ಕೈತೊಳೆತ, ಎಲ್ಲವೂ ಆಗಲೇ ತುಂಬಿಸಿಟ್ಟ ಗೂಡಿನಿಂದಲೇ ಆಗಬೇಕು. ಮೇಲಾಗಿ ಚಿಂತಾಮಣಿಯಿಂದ ಬೀಗರು ಬೇರೆ ಬರುತ್ತಾರೆ. ಅವರ ಮುಂದೆ ಮರ್ಯಾದೆ ಹೋದರೆ?

"ಯಾವುದಕ್ಕೂ ಒಂದು ಟ್ಯಾಂಕರ್ ಹೇಳ್ಬಿಡ್ರೋ" ಅಂದಳು.

ಭಾವ ಮೊಬೈಲ್ ತೆಗೆದು ಒತ್ತಿದರು. ಹತ್ತು ಇಂಟು ಐದು ಇಂಟು ಐದು. ಇನ್ನೂರೈವತ್ತು ಘನ ಅಡಿ. ಅಂದರೆ ಏಳು ಸಾವಿರ ಲೀಟರ್! "ಇಡೀ ಬೀದಿಗೇ ಸ್ನಾನ ಮಾಡಿಸ್ಬೋದು ಕಣೇ!" ನಾನೂ ತಲೆಯಾಡಿಸಿದೆ. ಟ್ಯಾಂಕರ್ ದಂಡ ಯಾಕೆ?

ಮಾರನೇ ದಿನ ಬೀಗರ ಪಂಕ್ತಿ ಊಟ ಮುಗಿಸಿ ಎದ್ದಿತು. ನಲ್ಲಿ ತಿರುಗಿಸಿದರು. ಒಂದು ಸಲ ಕೆಮ್ಮಿತು. ಆಮೇಲೆ ಬರೀ ಗಾಳಿ.

ಅಕ್ಕ ಸೆರಗು ಸಿಕ್ಕಿಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದಳು. "ಮೇಸ್ತ್ರಿ ಹತ್ರ ಮೂಲೆ ಕಳಿಯೋಕೆ ಬಂತು. ನೀರಿನ ಲೆಕ್ಕಕ್ಕೆ ಆ ಮೂಲೆಗಳೆಲ್ಲ ವಾಪಸ್ ಬಂದ್ವೇನೋ?"

ಇದು ಹೈಸ್ಕೂಲಿನ ಲೆಕ್ಕ. ನಡುವಿನ ಐದಡಿ ಒಂದು ಸಿಲಿಂಡರ್. ಎರಡು ತುದಿಗಳನ್ನು ಜೋಡಿಸಿದರೆ ಒಂದು ಗೋಳ. ಎರಡನ್ನೂ ಕೂಡಿದರೆ ನಾಲ್ಕೂವರೆ ಸಾವಿರ ಲೀಟರಿಗೆ ಸ್ವಲ್ಪ ಮೇಲೆ, ಅಷ್ಟೇ. ದುಡ್ಡು ಕೊಡುವಾಗ ನಮಗೆ ಎಲ್ಲವೂ ಗುಂಡಗೆ ಕಾಣುತ್ತದೆ. ಜಂಬ ಕೊಚ್ಚುವಾಗ ಅದೇ ಚೌಕವಾಗಿಬಿಡುತ್ತದೆ. (ನಿಮ್ಮ ಮನೆಯಲ್ಲಿ ಹೀಗಿಲ್ಲವೇ? ನಿಜ ಹೇಳಿ.)

ಬೀಗರು ಮಾತ್ರ ದೊಡ್ಡವರು. ಎಂಜಲು ಕೈ ಎತ್ತಿ ಹಿಡಿದುಕೊಂಡೇ ತಾರಸಿಯತ್ತ ನೋಡಿದರು. "ಟ್ಯಾಂಕು ಮಾತ್ರಂ ಶಾನಾ ಬಾಗುಂದಿ ಬಾವಾ!" ಎಂದು ತಮ್ಮ ತೆಲುಗಿನಲ್ಲೇ ಹೊಗಳಿದರು. ಭಾವ ಕುಡಿಯುವ ನೀರಿನ ಕ್ಯಾನ್ ತಾವೇ ಬಗ್ಗಿಸಿ, ಒಬ್ಬೊಬ್ಬರ ಕೈಗೂ ನೀರು ಹಾಕಿದರು.

ಮನೆ ಕಟ್ಟುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಟ್ಯಾಂಕಿನ ಅಂದವನ್ನು ರಸ್ತೆಯಲ್ಲಿ ನಿಂತು ನೋಡಬೇಡಿ, ಎಂಜಲು ಕೈಯಲ್ಲಿ ನಿಂತು ನೋಡಿ.