ತಡ್ಪೆ ಹುಡುಕಿಕೊಂಡು ಮೂರು ಮ್ಯೂಸಿಯಂ

ದೋಸೆಗೆ ಅಕ್ಕಿ ನೆನೆಸುವಾಗ ಒಂದು ಚಮಚ ಮೆಂತೆಯನ್ನೂ ಹಾಕುವ ಅಭ್ಯಾಸ ನಿಮಗಿದ್ದರೆ, ಆ ಕಾಳುಗಳು ನೀರು ಕುಡಿದು ಉಬ್ಬಿ, ಮೈಯೆಲ್ಲ ಲೋಳೆಯಾಗಿ, ಬೆರಳಿಗೆ ಸಿಗದೆ ಜಾರುವುದನ್ನು ನೀವೂ ಗಮನಿಸಿರುತ್ತೀರಿ. ನಮ್ಮ ಮನೆಯಲ್ಲಿ ಮೆಂತೆಗೆ ದೋಸೆಗಿಂತ ದೊಡ್ಡ ಜವಾಬ್ದಾರಿಯೊಂದಿತ್ತು. ವರ್ಷಕ್ಕೊಮ್ಮೆ, ಬಿಸಿಲು ಚೆನ್ನಾಗಿ ಕಾಯುವ ದಿನ ನೋಡಿ, ಅಮ್ಮ ಮೆಂತೆಯನ್ನೂ ಹಳೆಯ ಕಾಗದದ ಚೂರುಗಳನ್ನೂ ಒಟ್ಟಿಗೆ ನೆನೆಸಿ, ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ಆ ಬೂದು ಬಣ್ಣದ ಹಿಟ್ಟನ್ನು ಬಿದಿರಿನ ಗೆರಸೆಗೆ ಮೆತ್ತುತ್ತಿದ್ದಳು. ತುಳುವಿನಲ್ಲಿ ನಾವು ಅದನ್ನು ತಡ್ಪೆ ಎನ್ನುತ್ತೇವೆ. ಅಕ್ಕಿ ಕೇರುವ ತಡ್ಪೆಗೆ ಇಷ್ಟೊಂದು ಆರೈಕೆ ಬೇಕಾಗಿಲ್ಲ. ಅಮ್ಮನದು ಬೀಡಿ ಕಟ್ಟುವ ತಡ್ಪೆ. ಎಲೆ, ಕತ್ತರಿ, ನೂಲಿನ ಉಂಡೆ, ಹೊಗೆಸೊಪ್ಪಿನ ಪುಡಿ ಎಲ್ಲವೂ ಅದರೊಳಗಿರುತ್ತಿದ್ದವು, ಮತ್ತು ಬಿದಿರಿನ ಸೀಳುಗಳ ಸಂದಿಯಿಂದ ಪುಡಿ ಸೋರುವಂತಿರಲಿಲ್ಲ. ಒಳಬದಿಗೆ ಹಿಟ್ಟು, ಹಿಂಬದಿಗೆ ಇಡೀ ಹಾಳೆ. ಕೊನೆಯ ಸಲ ಅವಳು ಅಂಟಿಸಿದ್ದು ನನ್ನ ಪಿಯುಸಿಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದ ಹಾಳೆ. ಅದರಲ್ಲಿ ನಾನು ಪೆನ್ಸಿಲಿನಲ್ಲಿ ಬಿಡಿಸಿದ ಬ್ಯೂರೆಟ್ಟು ಇತ್ತು, ಕೆಳಗೆ ಒಂದು ಶಂಕುವಿನಾಕಾರದ ಫ್ಲಾಸ್ಕು, ನಡುವೆ ಬೀಳಲಿರುವ ಒಂದೇ ಒಂದು ಹನಿ.

ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಆ ತಡ್ಪೆ ಅಮ್ಮನ ಮಡಿಲನ್ನು ಬಿಟ್ಟು ಕೆಳಗಿಳಿದದ್ದು ನನಗೆ ಹೆಚ್ಚು ನೆನಪಿಲ್ಲ. ಅವಳು ಮಾತಾಡಿದ್ದು, ರೇಡಿಯೋ ಕೇಳಿದ್ದು, ನನ್ನ ಜಡೆಗೆ ರಿಬ್ಬನ್ ಸರಿಯಾಗಿದೆಯೇ ಎಂದು ನೋಡಿದ್ದು ಎಲ್ಲವೂ ಅದರ ಮೇಲಿನಿಂದಲೇ. ಬೀಡಿಯ ತಲೆ ಮಡಚುವ ಕೆಲಸವನ್ನು ಮಾತ್ರ ರಜೆಯಲ್ಲಿ ನನಗೆ ಬಿಡುತ್ತಿದ್ದಳು. ಉಳಿದದ್ದಕ್ಕೆ ಕೈಹಾಕಿದರೆ ಓದು ಹೋಗು ಎಂದು ಎಬ್ಬಿಸುತ್ತಿದ್ದಳು. ಓದಿದೆ. ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋದೆ. ಊರಿನಿಂದ ಹಿಂತಿರುಗಿದ ಪ್ರತಿ ಸಲವೂ ಚೀಲದ ಬಟ್ಟೆಗಳನ್ನೆಲ್ಲ, ಮಡಿ ಬಿಚ್ಚದ ಬಟ್ಟೆಗಳನ್ನೂ ಸೇರಿಸಿ, ಮತ್ತೊಮ್ಮೆ ಒಗೆಯುತ್ತಿದ್ದೆ. ಯಾರೂ ಏನೂ ಅಂದಿರಲಿಲ್ಲ. ಒಮ್ಮೆ ಕೋಣೆಯ ಗೆಳತಿ ಮೂಗನ್ನು ಸ್ವಲ್ಪ ಮೇಲೆತ್ತಿ, ಇಲ್ಲಿ ಯಾರಾದರೂ ಸಿಗರೇಟು ಸೇದಿದರೇ ಎಂದು ಕೇಳಿದ್ದಳು, ಅಷ್ಟೆ.

ನಾನು ಎಂ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅದಾಗಿ ಎರಡು ತಿಂಗಳಿಗೆ ಚಿಕ್ಕಮ್ಮ ಫೋನ್ ಮಾಡಿದಳು. ಹಳೆಯ ಸಾಮಾನು ಕೇಳಿಕೊಂಡು ಒಬ್ಬರು ಬಂದಿದ್ದಾರೆ, ಮ್ಯೂಸಿಯಂ ಮಾಡುತ್ತಾರಂತೆ, ನಿನ್ನ ಅಮ್ಮನ ತಡ್ಪೆ ಸುಮ್ಮನೆ ಬಿದ್ದಿದೆ, ಏನು ಮಾಡಲಿ ಎಂದು ಕೇಳಿದಳು. ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಾಲ್ಕು ಜನರ ನಡುವೆ ನಿಂತಿದ್ದೆ. ಬೀಡಿ ಎಂಬ ಶಬ್ದ ನನ್ನ ಬಾಯಿಂದ ಹೊರಡದ ಹಾಗೆ ಮಾತು ಮುಗಿಸಬೇಕಿತ್ತು. "ಕೊಟ್ಟುಬಿಡಿ ಚಿಕ್ಕಮ್ಮ" ಎಂದೆ.

ಎರಡು ಶಬ್ದಗಳಲ್ಲಿ ಮುಗಿದುಹೋದ ಆ ವಿಲೇವಾರಿಯನ್ನು ಹಿಂದಕ್ಕೆ ಪಡೆಯಲು ನಾನು ಈಗ ಒಂದೂವರೆ ವರ್ಷದಿಂದ ಭಾನುವಾರಗಳನ್ನು ಖರ್ಚು ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವವಳು ರಜೆಯ ದಿನ ಬಿ.ಸಿ.ರೋಡಿನಲ್ಲಿ ಬಸ್ಸು ಹಿಡಿದು, ಹೆಸರೇ ಕೇಳದ ಮನೆ ಮ್ಯೂಸಿಯಂಗಳನ್ನು ನೋಡಲು ಹೋಗುತ್ತಾಳೆಂದರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ. ಪಿಎಚ್‌ಡಿ ಇರಬೇಕು ಎಂದರು. ನಾನು ಇಲ್ಲ ಎನ್ನಲಿಲ್ಲ. ಆ ವ್ಯಕ್ತಿ ಯಾರು, ಎಲ್ಲಿಯವರು ಎಂಬುದು ಚಿಕ್ಕಮ್ಮನಿಗೆ ನೆನಪಿರಲಿಲ್ಲ. ಮೂಡುಬಿದಿರೆ ಕಡೆಯವರೋ ಬೆಳ್ತಂಗಡಿ ಕಡೆಯವರೋ, ಬಿಳಿ ಅಂಗಿ ಹಾಕಿದ್ದರು ಎಂದಷ್ಟೇ ಹೇಳಿದಳು. ಬಿಳಿ ಅಂಗಿಯ ಆಧಾರದ ಮೇಲೆ ಎರಡು ತಾಲೂಕುಗಳಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು ಎಂಥ ಸಂಶೋಧನೆಯೆಂದು ನೀವೇ ಊಹಿಸಿಕೊಳ್ಳಿ.

ಮೂಡುಬಿದಿರೆಯಲ್ಲಿ ಹಳೆಯ ಜೈನ ಮನೆತನದ ಹಿರಿಯರೊಬ್ಬರು ಕೀಲಿಕೈಗಳನ್ನು ಮಾತ್ರ ಕೂಡಿಸಿಟ್ಟಿದ್ದಾರೆ. ಬೀಗ ಒಂದೂ ಇಲ್ಲ. ಮೊಳದುದ್ದದ ಕಬ್ಬಿಣದ ಕೀಲಿಗಳಿಂದ ಹಿಡಿದು ಕಿರುಬೆರಳಿನಷ್ಟು ಹಿತ್ತಾಳೆಯ ಕೀಲಿಗಳವರೆಗೆ ಸಾಲಾಗಿ ಮೊಳೆಗೆ ತೂಗುಹಾಕಿ, ಪ್ರತಿಯೊಂದಕ್ಕೂ ಮನೆಯ ಹೆಸರು ಬರೆದ ಚೀಟಿ ಕಟ್ಟಿದ್ದಾರೆ. ಆ ಮನೆಗಳಲ್ಲಿ ಹೆಚ್ಚಿನವು ಈಗ ಇಲ್ಲ. ಬೀಗ ತುಕ್ಕು ಹಿಡಿಯುತ್ತದೆ, ಮನೆ ಬೀಳುತ್ತದೆ, ಕೀಲಿಕೈ ಮಾತ್ರ ಯಾರದಾದರೂ ಸೊಂಟದಲ್ಲಿ ಉಳಿದುಬಿಡುತ್ತದೆ ಎಂದು ಅವರು ಬಹಳ ನಿಧಾನವಾಗಿ, ಪುಸ್ತಕದಂಥ ಕನ್ನಡದಲ್ಲಿ ವಿವರಿಸಿದರು. ಒಂದು ಕೀಲಿಯನ್ನು ಕೈಗೆ ಕೊಟ್ಟು ತೂಕ ನೋಡಲು ಹೇಳಿದರು. ಭಾರವಾಗಿತ್ತು. ತೆರೆಯಲು ಏನೂ ಇಲ್ಲದ ವಸ್ತು ಇಷ್ಟು ಭಾರವಾಗಿರುವುದು ನನಗೆ ಅನ್ಯಾಯವೆನಿಸಿತು. ಬೀಡಿಯ ತಡ್ಪೆಯೇನಾದರೂ ನಿಮ್ಮಲ್ಲಿಗೆ ಬಂದಿತ್ತೇ ಎಂದು ಕೇಳಿದಾಗ ಅವರಿಗೆ ಸ್ವಲ್ಪ ನೋವಾದಂತೆ ಕಂಡಿತು. "ಅದು ಮ್ಯೂಸಿಯಮ್ಮಿಗೆ ಯಾಕಮ್ಮ? ಈಗಲೂ ಮನೆಮನೆಯಲ್ಲಿ ಉಂಟಲ್ಲ" ಎಂದರು.

ಮನೆಮನೆಯಲ್ಲಿ ಇರುವುದು ಹೌದು. ಒಂದು ಮನೆಯಲ್ಲಿ ಇಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ತೋಡಾರಿನಲ್ಲಿ ಕಂಡದ್ದು ಇನ್ನೂ ವಿಚಿತ್ರ. ಗಲ್ಫಿನಿಂದ ಮರಳಿದ ಒಬ್ಬರು ತಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಟೇಪ್ ರೆಕಾರ್ಡರುಗಳನ್ನೂ, ಅದಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟುಗಳನ್ನೂ ಇಟ್ಟಿದ್ದಾರೆ. ಹಾಡಿನ ಕ್ಯಾಸೆಟ್ಟುಗಳಲ್ಲ. ಫೋನ್ ದುಬಾರಿಯಾಗಿದ್ದ ಕಾಲದಲ್ಲಿ, ಬರೆಯಲು ಬಾರದವರು, ಬರೆದು ತೃಪ್ತಿಯಾಗದವರು, ಮನೆಯವರಿಗೆ ಹೇಳಬೇಕಾದ್ದನ್ನು ಕ್ಯಾಸೆಟ್ಟಿಗೆ ಮಾತಾಡಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರಂತೆ. ಅವು ಹಾಗೇ ಪೆಟ್ಟಿಗೆಗಳಲ್ಲಿ ಉಳಿದು, ಮನೆ ಖಾಲಿ ಮಾಡುವಾಗ ಇವರ ಕೈ ಸೇರಿವೆ. ವರ್ಷಕ್ಕೊಮ್ಮೆ ಅವರು ಎಲ್ಲ ಕ್ಯಾಸೆಟ್ಟುಗಳನ್ನೂ ಪೆನ್ಸಿಲ್ ತೂರಿಸಿ ಹಿಂದಕ್ಕೂ ಮುಂದಕ್ಕೂ ಸುತ್ತುತ್ತಾರೆ, ಟೇಪು ಅಂಟಿಕೊಳ್ಳಬಾರದೆಂದು. ಒಂದನ್ನು ಹಾಕಿ ಕೇಳಿಸಬಹುದೇ ಎಂದು ಕೇಳಿದೆ. "ನಾನೇ ಹಾಕುವುದಿಲ್ಲ. ಅವರವರ ಮನೆಯ ಮಾತು ಅದು" ಎಂದರು.

ಆ ಕೋಣೆಯಲ್ಲಿ ನಾನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕುಳಿತಿದ್ದೆ. ಅಮ್ಮನ ದನಿ ನನ್ನಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಇದ್ದಿದ್ದರೆ ನಾನು ಕೇಳುತ್ತಿದ್ದೆನೋ, ಅಥವಾ ಹೀಗೆ ಪೆನ್ಸಿಲಿನಲ್ಲಿ ಸುತ್ತಿ ಸುತ್ತಿ ಇಡುತ್ತಿದ್ದೆನೋ ಎಂದು ಇಂದಿಗೂ ನಿರ್ಧರಿಸಲಾಗಿಲ್ಲ. ಹೊರಡುವಾಗ ನನ್ನ ಪ್ರಶ್ನೆಯನ್ನು ಅವರ ಮುಂದೆಯೂ ಇಟ್ಟೆ. ಬೆಳ್ತಂಗಡಿ ಕಡೆಯ ಮುಂಡಾಜೆಯಲ್ಲಿ ಒಬ್ಬರು ನಿವೃತ್ತ ಡ್ರಿಲ್ ಮಾಸ್ಟ್ರು ಇದ್ದಾರೆ, ಅಂಥದ್ದನ್ನೆಲ್ಲ ತರುವವರು ಅವರೇ, ಯಾವಾಗಲೂ ಬಿಳಿ ಅಂಗಿ, ಹಳೆಯದು ಕಂಡರೆ ಬಿಡುವುದಿಲ್ಲ, ತನ್ನನ್ನೂ ಒಂದು ದಿನ ಹೊತ್ತುಕೊಂಡು ಹೋಗಿ ಗಾಜಿನೊಳಗೆ ಇಟ್ಟಾರು ಎಂದು ನಕ್ಕರು.

ಹೀಗೆ ಮೊನ್ನೆ ಮಾರ್ಚಿನ ಒಂದು ಭಾನುವಾರ, ದೊಡ್ಡ ಬಟ್ಟೆಯ ಚೀಲವೊಂದನ್ನು ಮಡಚಿ ಇಟ್ಟುಕೊಂಡು, ಚಾರ್ಮಾಡಿ ಬಸ್ಸಿನಲ್ಲಿ ಮುಂಡಾಜೆಗೆ ಹೋದೆ. ಚೀಲ ತಡ್ಪೆಯ ಅಳತೆಗೆ ಹೊಲಿಸಿದ್ದು.

ಮಾಸ್ಟ್ರ ಮನೆಯ ಮುಂದಿನ ಚಾವಡಿಯೇ ಮ್ಯೂಸಿಯಂ. 'ಇನ್ನು ಕಾಣಸಿಗದ ವಸ್ತುಗಳು' ಎಂಬ ಫಲಕ. ಡ್ರಿಲ್ ಮಾಸ್ಟ್ರ ಶಿಸ್ತು ವಸ್ತುಗಳಿಗೂ ಇತ್ತು: ಮರದ ಸೇರುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಲಾಟೀನುಗಳು ಒಂದಕ್ಕೊಂದು ಕೈಯಳತೆಯ ಅಂತರ ಕಾಯ್ದುಕೊಂಡಿದ್ದವು. ಒಂದೊಂದಕ್ಕೂ ವಸ್ತುವಿನ ಹೆಸರು, ಬಂದ ಮನೆಯ ಹೆಸರು ಬರೆದ ರಟ್ಟಿನ ಚೀಟಿ. ಪ್ರಯೋಗಾಲಯದಲ್ಲಿ ಬದುಕುವವಳಿಗೆ ಲೇಬಲ್ಲಿನ ಮೇಲೆ ಭಕ್ತಿ ಜಾಸ್ತಿ. ಚೀಟಿ ಇಲ್ಲದ ಬಾಟಲಿಯನ್ನು ನಾನು ವಿದ್ಯಾರ್ಥಿಗಳಿಗೆ ಮುಟ್ಟಲೂ ಬಿಡುವುದಿಲ್ಲ. ಆದ್ದರಿಂದ ನಾಲ್ಕನೆಯ ಗೋಡೆಯಲ್ಲಿ ಒಂದು ತಡ್ಪೆಯ ಕೆಳಗೆ ನಮ್ಮ ಮನೆಯ ಹೆಸರನ್ನು ದುಂಡಗಿನ ಅಕ್ಷರಗಳಲ್ಲಿ ಓದಿದಾಗ ನನಗೆ ಅನುಮಾನವೇ ಬರಲಿಲ್ಲ. ಅಳಿದುಹೋದ ಕಸುಬಿನ ಉಪಕರಣ ಎಂದು ಮಾಸ್ಟ್ರು ವಿವರಿಸುತ್ತಿದ್ದರು. ಹಿಂಬದಿ ನೋಡಬಹುದೇ ಎಂದು ಕೇಳಿದೆ. ಅವರೇ ಮೊಳೆಯಿಂದ ಇಳಿಸಿ, ತಿರುಗಿಸಿ ಹಿಡಿದರು.

ಬ್ಯೂರೆಟ್ಟು ಇರಲಿಲ್ಲ. ಹರಿದ ತಳ, ಯಾವುದೋ ಪತ್ರಿಕೆಯ ಮಾಸಿದ ಹಾಳೆ, ಅದರಲ್ಲಿ ಅರ್ಧ ಮುಖದ ಒಬ್ಬ ಮಂತ್ರಿ. ಮೇಲೆಲ್ಲ ವಾರ್ನಿಷ್ ವಾಸನೆ.

ಹುಡುಕಿ ಸಿಗದಿರುವುದಕ್ಕೂ ಸಿಕ್ಕಿ ಅಲ್ಲವಾಗುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಅಲ್ಲಿ ನಿಂತು ಕಲಿತೆ. ಕುಡಿಯಲು ನೀರು ಸಿಗಬಹುದೇ ಎಂದು ಕೇಳಿದೆ. ಹಿಂದೆ ಮನೆಯವರು ಇದ್ದಾರೆ, ಹೋಗಿ ಎಂದರು.

ಹಿಂದಿನ ಜಗಲಿಯಲ್ಲಿ ಅವರ ಪತ್ನಿ ಗಿರಿಜಕ್ಕ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬೀಡಿ ಕಟ್ಟುತ್ತಿದ್ದರು. ಮುಂದಿನ ಚಾವಡಿಯಲ್ಲಿ ಅಳಿದುಹೋದದ್ದು ಇಲ್ಲಿ ಕತ್ತರಿಯ ಕಚಕಚ ಸದ್ದು ಮಾಡುತ್ತಿತ್ತು. ನೀರು ತರಲೆಂದು ಅವರು ಮಡಿಲಿನ ತಡ್ಪೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಎತ್ತರದ ಬೆಂಚಿನ ಮೇಲಿಡುವಾಗ ಅದರ ತಳ ನನ್ನ ಕಣ್ಣೆದುರು ಹಾದುಹೋಯಿತು. ಬ್ಯೂರೆಟ್ಟು, ಫ್ಲಾಸ್ಕು, ಹನಿ.

ಆ ತಡ್ಪೆ ಎಲ್ಲಿಯದು ಎಂದು ಕೇಳಿದೆ. ಅಲ್ಲಿಯವರೆಗೆ ನನ್ನೊಡನೆ ಕಚೇರಿಯ ಕನ್ನಡದಲ್ಲಿ ಮಾತಾಡುತ್ತಿದ್ದವರು ಒಮ್ಮೆ ಚಾವಡಿಯ ಕಡೆ ನೋಡಿ, ದನಿ ತಗ್ಗಿಸಿ, ತುಳುವಿಗೆ ಇಳಿದರು. ಅದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವರಿಗೆ ಹೇಳ್ಬೇಡ ಮಾರಾಯ್ತಿ. ತಂದ ದಿನವೇ ನೋಡಿದೆ, ಎಷ್ಟು ಹಗುರ, ಎಷ್ಟು ಚಂದ ಮೆತ್ತಿದ್ದಾರೆ. ಇಂಥದ್ದನ್ನು ಗೋಡೆಗೆ ನೇತು ಹಾಕುದಾ? ನನ್ನದರ ತಳ ಹೋಗಿತ್ತು. ಅದನ್ನು ಅಲ್ಲಿ ಇಟ್ಟೆ, ಇದನ್ನು ಇಲ್ಲಿ ತೆಗೊಂಡೆ." ನಂತರ ಸೆರಗಿನಿಂದ ಬಾಯಿ ಒರೆಸಿಕೊಂಡು, "ಮದುವೆಯಾದಂದಿನಿಂದ ನನ್ನ ತಡ್ಪೆ ನೋಡಿದ್ದಾರೆ ಅವರು. ವಾರ್ನಿಷ್ ಕೊಡುವಾಗಲೂ ಗುರ್ತ ಸಿಗ್ಲಿಲ್ಲ. ಈಗ ಬಂದವರಿಗೆಲ್ಲ ಹೇಳ್ತಾರೆ, ಅಳಿದುಹೋದ ಕಸುಬಂತೆ. ನಾನು ಇಲ್ಲೇ ಕೂತಿದ್ದೇನೆ" ಎಂದರು.

ಇಬ್ಬರೂ ನಕ್ಕೆವು. ಆಮೇಲೆ ನಾನು, ಯಾರ ಬಳಿಯೂ ಹೇಳದೆ ಒಂದೂವರೆ ವರ್ಷ ಹೊತ್ತು ತಿರುಗಿದ್ದನ್ನು ಹೇಳಿದೆ.

"ಅದು ನನ್ನ ಅಮ್ಮನದು."

ಗಿರಿಜಕ್ಕ ತಡ್ಪೆಯನ್ನು ಬೆಂಚಿನಿಂದ ಕೆಳಗಿಳಿಸಿದರು. ನೆಲದ ಮೇಲೆ ಪೇಪರ್ ಹಾಸಿ, ಎಲೆಗಳನ್ನು ಒಂದು ಬದಿಗೆ ತೆಗೆದಿಟ್ಟು, ಹೊಗೆಸೊಪ್ಪನ್ನು ಅದರ ಮೇಲೆ ಸುರಿಯತೊಡಗಿದರು. ತೆಗೊಂಡು ಹೋಗು, ತಾನು ಬೇರೆ ಮಾಡಿಕೊಳ್ಳುತ್ತೇನೆ, ಅಮ್ಮನದೆಂದರೆ ಅಮ್ಮನದೇ ಎಂದರು. ನನ್ನ ಕೈ ಚೀಲದ ಮೇಲಿತ್ತು. ಖಾಲಿಯಾಗುತ್ತಾ ಬಂದ ತಡ್ಪೆಯ ಎಡಗಡೆಯ ಅಂಚಿನಲ್ಲಿ, ಮಣಿಕಟ್ಟು ಊರುವ ಜಾಗದಲ್ಲಿ, ಒಂದು ಸಣ್ಣ ತಗ್ಗು ಕಾಣಿಸಿತು. ಅಮ್ಮನ ಮಣಿಕಟ್ಟು ಅಷ್ಟು ವರ್ಷ ಸವೆಸಿದ ತಗ್ಗು. ಈಗ ಅದರ ಮೇಲೆ ಇನ್ನೊಬ್ಬರ ಮಣಿಕಟ್ಟಿನ ಬೆವರಿನ ಹೊಳಪು. ನನ್ನ ಬಾಡಿಗೆ ಕೋಣೆಯ ಗೋಡೆ ನೆನಪಾಯಿತು. ಅಲ್ಲಿ ನಾನು ಅದಕ್ಕೆ ಒಂದು ಮೊಳೆ ಹೊಡೆದಿದ್ದೆ, ಬಿಳಿ ಗೋಡೆಯ ನಟ್ಟನಡುವೆ. ಅಲ್ಲಿ ತೂಗುಹಾಕಿದರೆ ಮೊದಲು ಪುಡಿ ಉದುರುತ್ತದೆ, ಆಮೇಲೆ ವಾಸನೆ ಹೋಗುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮಾಸ್ಟ್ರ ಚಾವಡಿಯ ವಸ್ತುವಾಗುತ್ತದೆ, ಚೀಟಿಯೊಂದೇ ಕಡಿಮೆ. ನನಗೆ ಬೇಕಾಗಿದ್ದುದು ತಡ್ಪೆಯೋ, ಅದು ಮಡಿಲಲ್ಲಿರುವ ಒಂದು ಜಗಲಿಯೋ?

"ಬೇಡ ಅಕ್ಕ, ನೀವು ಕಟ್ಟಿ" ಎಂದೆ. "ಸ್ವಲ್ಪ ಹೊತ್ತು ಕೊಡಿ, ಸಾಕು."

ಅವರು ಸುರಿದದ್ದನ್ನೆಲ್ಲ ಮತ್ತೆ ತುಂಬಿ ನನ್ನ ಮಡಿಲಿಗೆ ಇಟ್ಟರು. ಸುತ್ತಿಟ್ಟ ಬೀಡಿಗಳ ತಲೆ ಮಡಚತೊಡಗಿದೆ. ಮೊದಲ ಮೂರಕ್ಕೆ ಬೆರಳು ತಡವರಿಸಿತು, ನಾಲ್ಕನೆಯದಕ್ಕೆ ದಾರಿ ಗೊತ್ತಾಯಿತು. ಇಪ್ಪತ್ತೈದು ಮುಗಿಸುವವರೆಗೆ ಗಿರಿಜಕ್ಕ ಕಾಲು ನೀವಿಕೊಳ್ಳುತ್ತಾ ಕುಳಿತಿದ್ದು, ನಂತರ ಎರಡನ್ನು ಎತ್ತಿ ಬದಿಗಿಟ್ಟರು. ಇಷ್ಟು ಓದಿಯೂ ಇವೆರಡು ಬೀಡಿ ಕಂಪನಿಯ ಚೆಕ್ಕಿಂಗಿನಲ್ಲಿ ಪಾಸಾಗುವುದಿಲ್ಲ ಎಂದರು. ಬಿಸಿಲು ಚೆನ್ನಾಗಿದೆ, ಬರುವ ವಾರ ಹಿಂಬದಿಗೆ ಇನ್ನೊಂದು ಹಾಳೆ ಅಂಟಿಸಬೇಕು, ಈ ಚಿತ್ರ ಒಳಗೆ ಹೋಗುತ್ತದೆ, ಬೇಸರವಿಲ್ಲವೇ ಎಂದೂ ಕೇಳಿದರು. ಇಲ್ಲ ಎಂದೆ. ನನ್ನ ಹಾಳೆಯ ಕೆಳಗೂ ಅಮ್ಮ ಅಂಟಿಸಿದ ಎಷ್ಟೋ ಹಾಳೆಗಳಿವೆ. ಅವುಗಳಲ್ಲಿ ಏನು ಬರೆದಿತ್ತೆಂದು ನನಗೆ ತಿಳಿಯದು, ಆದರೂ ಅವು ಪುಡಿ ಸೋರದಂತೆ ಹಿಡಿದುಕೊಂಡೇ ಇವೆ.

ಹೊರಡುವಾಗ ಮಾಸ್ಟ್ರು ಅಭಿಪ್ರಾಯದ ಪುಸ್ತಕವನ್ನೂ ಪೆನ್ನನ್ನೂ ಮುಂದೆ ಹಿಡಿದರು. ಕಾಲೇಜಿನವರು, ತಪ್ಪಿದ್ದರೆ ದಾಕ್ಷಿಣ್ಯವಿಲ್ಲದೆ ಬರೆಯಬೇಕು, ತಿದ್ದಿಕೊಳ್ಳುತ್ತೇನೆ ಎಂದರು. ನಾಲ್ಕನೆಯ ಗೋಡೆಯ ಚೀಟಿ ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ಬೆರಳುಗಳಿಗೆ ಹೊಗೆಸೊಪ್ಪಿನ ಕಂದು ಹತ್ತಿತ್ತು, ಹಾಳೆಯ ಅಂಚಿಗೂ ಸ್ವಲ್ಪ ಹತ್ತಿತು. ಬಹಳ ಯೋಚಿಸಿ ಒಂದು ವಾಕ್ಯ ಬರೆದೆ. ಮಾಸ್ಟ್ರು ಕನ್ನಡಕ ಏರಿಸಿಕೊಂಡು, ಒಳಗಿನವರಿಗೂ ಕೇಳುವಂತೆ, ಶಾಲೆಯ ಅಸೆಂಬ್ಲಿಯ ದನಿಯಲ್ಲಿ ಓದಿದರು:

"ಇಲ್ಲಿ ಪ್ರತಿಯೊಂದು ವಸ್ತುವೂ ತಾನು ಇರಬೇಕಾದ ಜಾಗದಲ್ಲಿಯೇ ಇದೆ."

ಹಿಂದಿನ ಜಗಲಿಯಲ್ಲಿ ಕತ್ತರಿಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.